ದಿಸ್-ಪೊರ್ರೆ ಅಲ್ಲ ಸ್ವಾಮೀ, ದಿ-ಸ್ಪೊರ್-ರೆ!

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ಯಾರ ಜೊತೆ ಅಂದ್ರೆ, ಇಟಾಲಿಯನ್ ಕ್ರಿಯಾಪದಗಳನ್ನ ಇಂಗ್ಲಿಷ್ ಕತ್ತರಿಯಲ್ಲಿ ತುಂಡು ಮಾಡಿ ನಮಗೆ ಕಲಿಸೋರ ಜೊತೆ. "ಇಟಾಲಿಯನ್ ಕಟ್ಕೊಂಡು ನಮಗೇನಾಗಬೇಕು?" ಅಂತ ಈಗಲೇ ಎದ್ದು ಹೋಗಬೇಡಿ. ಸುತ್ತಿ ಬಳಸಿ ಇದು ನಮ್ಮ ಒತ್ತಕ್ಷರದ ಹತ್ತಿರವೇ ಬಂದು ನಿಲ್ಲುತ್ತೆ. ಸ್ವಲ್ಪ ತಾಳ್ಮೆ ಇರಲಿ :-)

ಕತೆ ಶುರುವಾಗಿದ್ದು ಆಫೀಸಿನಲ್ಲಿ. ನಾನು ಕೆಲಸ ಮಾಡೋ ಪ್ರಾಡಕ್ಟಿಗೆ ಇಟಾಲಿಯನ್ ಸ್ಕ್ರೀನುಗಳು ಬೇಕಾಗಿದ್ದವು. ಮೊಬೈಲಿನ ಪರದೆ ಕಿರಿದು, ಇಟಾಲಿಯನ್ ಪದಗಳು ಉದ್ದ, ಸಾಲಿನೊಳಗೆ ಹಿಡಿಸ್ತಾನೇ ಇರಲಿಲ್ಲ. ಪದವನ್ನ ಎಲ್ಲಿ ಮುರಿಯಬಹುದು ಅಂತ ಬ್ರೌಸರಿಗೆ ಹೇಳೋದಕ್ಕೆ 'ಸಾಫ್ಟ್ ಹೈಫನ್' ಅನ್ನೋ ಕಣ್ಣಿಗೆ ಕಾಣದ ಗುರುತು ಒಂದಿದೆ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾಗಿ ಬಂದಾಗ ಮಾತ್ರ ಅದು ಅಡ್ಡಗೆರೆಯಾಗಿ ಕಾಣಿಸ್ಕೊಳ್ಳುತ್ತೆ. ಈ ಗುರುತು ಹಾಕೋ ಕೆಲಸ ನನ್ನ ತಲೆಗೆ ಬಂತು. ಯಾಕಂದ್ರೆ ಟೀಮಿನಲ್ಲಿ ಸಂಜೆ ಹೊತ್ತು ಇಟಾಲಿಯನ್ ಕ್ಲಾಸಿಗೆ ಹೋಗ್ತಾ ಇದ್ದ ಪ್ರಾಣಿ ನಾನೊಬ್ಬನೇ.

ಕ್ಲಾಸಿನಲ್ಲಿ ನಮಗೊಂದು ಜೆರಾಕ್ಸ್ ಹಾಳೆ ಕೊಟ್ಟಿದ್ರು. ತಲೆಬರಹ ಇಂಗ್ಲಿಷಿನಲ್ಲಿ, ಅದರ ಸಾರಾಂಶ "ಒಂದು ಧಾತು ಕಲಿಯಿರಿ, ಹತ್ತು ಕ್ರಿಯಾಪದ ಪಡೆಯಿರಿ". ಅದರಲ್ಲಿ ಎಲ್ಲೆಲ್ಲಿ ಅಡ್ಡಗೆರೆ ಇತ್ತೋ ಅಲ್ಲಲ್ಲೇ ನಾನೂ ಗುರುತು ಹಾಕಿದೆ. ದಿಸ್-ಪೊರ್ರೆ, ಎಸ್-ಪೊರ್ರೆ, ಎಸ್-ತ್ರರ್ರೆ, ದಿಸ್-ತ್ರರ್ರೆ... ನೋಡೋಕೆ ಎಷ್ಟು ಅಚ್ಚುಕಟ್ಟು! ಒಂದು ವಾರದ ಮೇಲೆ ಇಟಲಿಯಿಂದ ಫೈಲು ವಾಪಸ್ ಬಂತು. ಇಂಥ ಪದಗಳ ಮೇಲೆಲ್ಲಾ ಕೆಂಪು. ಕೆಳಗೆ ಒಂದು ಸಾಲು: ಮುರಿಯೋಕೆ ಗೊತ್ತಿಲ್ಲದಿದ್ದರೆ ಮುರಿಯಬೇಡಿ.

ತಪ್ಪು ನನ್ನದೇ, ಒಪ್ಕೊಂಡೆ. ಆದರೆ ಕ್ಲಾಸಿನಲ್ಲಿ ಹೋಗಿ ಕೇಳಿದ್ರೆ ಮೇಷ್ಟ್ರು ಒಪ್ಪಲಿಲ್ಲ. "ಧಾತು ಪೊರ್ರೆ. ಹಾಗಾಗಿ ದಿಸ್-ಪೊರ್ರೆ. ಇದರಲ್ಲಿ ಕೇಳೋದೇನಿದೆ?" ಅಂದ್ರು. ಮುಂದಿನ ಟೆಸ್ಟಿನಲ್ಲಿ 'ಸಿಲಬಲ್ ಆಗಿ ಬಿಡಿಸಿ' ಅನ್ನೋ ಪ್ರಶ್ನೆಗೆ ನಾನು ದಿ-ಸ್ಪೊರ್-ರೆ ಅಂತ ಬರೆದೆ. ತಪ್ಪು ಅಂತ ಗೀಟು ಎಳೆದು ಅಂಕ ಕಳೆದ್ರು! ಅವತ್ತಿಂದ ಹೊಟ್ಟೆಯಲ್ಲಿ ಕುದೀತಾ ಇದ್ದಿದ್ದು ಇವತ್ತು ಇಲ್ಲಿ ಉಕ್ಕಿದೆ.

* * *

ಮೊದಲು ಆ ಹಾಳೆಯ ಪರವಾಗಿ ಮಾತಾಡ್ತೀನಿ, ನ್ಯಾಯ ಅಂದ್ರೆ ನ್ಯಾಯ. ಧಾತು ಹಿಡಿದು ಇಟಾಲಿಯನ್ ಕಲಿಯೋದು ನಿಜಕ್ಕೂ ಒಳ್ಳೇ ದಾರಿ.

'ಪೊರ್ರೆ' ಅಂದ್ರೆ ಇಡು. ಅದರ ಹಿಂದೆ ಉಪಸರ್ಗ ಅಂಟಿಸ್ತಾ ಹೋಗಿ. ಕೊಂಪೊರ್ರೆ ಅಂದ್ರೆ ಜೋಡಿಸು, ರಚಿಸು. ಪ್ರೊಪೊರ್ರೆ ಅಂದ್ರೆ ಮುಂದಿಡು, ಸೂಚಿಸು. ಇಂಪೊರ್ರೆ ಅಂದ್ರೆ ಹೇರು. ಎಸ್ಪೊರ್ರೆ ಅಂದ್ರೆ ಎಲ್ಲರಿಗೂ ಕಾಣೋ ಹಾಗೆ ಹೊರಗಿಡು. ದಿಸ್ಪೊರ್ರೆ ಅಂದ್ರೆ ಅಣಿಗೊಳಿಸು. ಸುಪ್ಪೊರ್ರೆ ಅಂದ್ರೆ ಊಹಿಸು. ಒಪ್ಪೊರ್ರೆ ಅಂದ್ರೆ... ಒಪ್ಪೋದಲ್ಲ ಮಾರಾಯ್ರೆ, ವಿರೋಧಿಸೋದು :-)

ಇದೇ ರೀತಿ 'ದುರ್ರೆ' ಮನೆತನ. ಕೊಂದುರ್ರೆ ಅಂದ್ರೆ ನಡೆಸು, ಕಾರು ಓಡಿಸೋದಕ್ಕೂ ಇದೇ ಪದ (ಬೆಂಗಳೂರಿನ ಕೆಲವು ಡ್ರೈವರುಗಳಿಗೆ ಕನ್ನಡದಲ್ಲೇ ಹೊಂದುತ್ತೆ). ಪ್ರೊದುರ್ರೆ ಅಂದ್ರೆ ತಯಾರಿಸು, ರಿದುರ್ರೆ ಅಂದ್ರೆ ಕಡಿಮೆ ಮಾಡು, ತ್ರದುರ್ರೆ ಅಂದ್ರೆ ಅನುವಾದಿಸು. 'ದುರ್ರೆ' ಅನ್ನೋದು ಒಂಟಿಯಾಗಿ ಇವತ್ತಿನ ಇಟಾಲಿಯನ್ನಿನಲ್ಲಿ ಇಲ್ಲ, ಮನೆ ತುಂಬಾ ಮಕ್ಕಳಿದ್ದಾರೆ, ಯಜಮಾನ ಮಾತ್ರ ಇಲ್ಲ. ಆಮೇಲೆ 'ತ್ರರ್ರೆ', ಎಳೆ ಅಂತ ಅರ್ಥ. ಅತ್ತ್ರರ್ರೆ ಅಂದ್ರೆ ಆಕರ್ಷಿಸು, ಎಸ್ತ್ರರ್ರೆ ಅಂದ್ರೆ ಹೊರಗೆಳೆ, ದಿಸ್ತ್ರರ್ರೆ ಅಂದ್ರೆ ಗಮನ ಬೇರೆಡೆ ಎಳೆ, ಸೊತ್ತ್ರರ್ರೆ ಅಂದ್ರೆ ಕಳೆ.

ಇದು ನಮಗೆ ಹೊಸದಾ? ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಒಂದೇ 'ಹಾರ', ಉಪಸರ್ಗ ಬದಲಾದ ಹಾಗೆ ಊಟವೂ ಆಗುತ್ತೆ, ಕೊಲೆಯೂ ಆಗುತ್ತೆ, ಸರ್ಕಾರದ ದುಡ್ಡೂ ಆಗುತ್ತೆ. ಹೈಸ್ಕೂಲಿನ ವ್ಯಾಕರಣದಲ್ಲಿ ಇದನ್ನ ಓದಿದವರಿಗೆ ಇಟಾಲಿಯನ್ ಉಪಸರ್ಗಕ್ಕೆ ಬೇರೆ ಪೀಠಿಕೆ ಬೇಡ.

ಧಾತು ಗೊತ್ತಿದ್ರೆ ಇನ್ನೊಂದು ಲಾಭ ಇದೆ. ಪೊರ್ರೆ ಅನ್ನೋದು ಲ್ಯಾಟಿನ್ನಿನ 'ಪೋನೆರೆ' ಸವೆದು ಆಗಿದ್ದು. ನಡುವಿನ 'ಎ' ಬಿದ್ದುಹೋಗಿ, 'ನ' ಕಾರ 'ರ' ದೊಳಗೆ ಕರಗಿ ಎರಡು 'ರ' ಆಯ್ತು. ಆದರೆ ರೂಪಗಳನ್ನ ನಡೆಸೋಕೆ ಹೊರಟ ತಕ್ಷಣ ಹಳೇ 'ನ' ಎದ್ದು ಕೂರುತ್ತೆ: ಪೊಂಗೊ (ಇಡ್ತೀನಿ), ಪೋನಿ (ಇಡ್ತೀಯ), ಪೋನೆ (ಇಡ್ತಾನೆ/ಳೆ), ಪೊನ್ಯಾಮೊ (ಇಡ್ತೀವಿ). ದುರ್ರೆಯ ಹಿಂದೆ ಲ್ಯಾಟಿನ್ನಿನ 'ದೂಕೆರೆ' ಇದೆ, ಹಾಗಾಗಿ ಕೊಂದುರ್ರೆಯಿಂದ ಕೊಂದೂಕೊ, ಕೊಂದೂಚೆ. ತ್ರರ್ರೆಯ ಹಿಂದೆ 'ತ್ರಹೆರೆ' ಇದೆ, ಅದರಿಂದ ತ್ರಗ್ಗೊ. ಒಂದು ಪೊಂಗೊ ಗೊತ್ತಿದ್ರೆ ಕೊಂಪೊಂಗೊ, ಪ್ರೊಪೊಂಗೊ, ದಿಸ್ಪೊಂಗೊ ಎಲ್ಲಾ ತಾನಾಗೇ ಬರುತ್ತೆ. ಹತ್ತು ಕ್ರಿಯಾಪದ ಪಡೆಯಿರಿ ಅನ್ನೋದು ಸುಳ್ಳಲ್ಲ.

ಹಾಗಾದ್ರೆ ಜಗಳ ಎಲ್ಲಿ? ಅರ್ಥಕ್ಕೋಸ್ಕರ ಹಾಕಿದ ಗೆರೆಯನ್ನೇ ಉಚ್ಚಾರಣೆಯ ಗೆರೆ ಅಂತ ಹೇಳಿಬಿಡ್ತಾರಲ್ಲ, ಅಲ್ಲಿ!

* * *

ಇಟಾಲಿಯನ್ ನಾಲಿಗೆಗೆ ಧಾತು ಎಲ್ಲಿ ಶುರುವಾಯ್ತು ಅನ್ನೋದರ ಚಿಂತೆ ಇಲ್ಲ. ಬರವಣಿಗೆಯಲ್ಲಿ ಪದ ಬಿಡಿಸೋ ನಿಯಮ ಬಹಳ ಸರಳ. ಎರಡು ಸ್ವರಗಳ ನಡುವೆ ವ್ಯಂಜನಗಳ ಗುಂಪು ಬಂದಾಗ ಒಂದು ಪ್ರಶ್ನೆ ಕೇಳ್ಕೊಳ್ಳಿ: ಈ ಗುಂಪಿನಿಂದ ಇಟಾಲಿಯನ್ ಪದವೊಂದು ಶುರುವಾಗಬಹುದಾ? ಆಗಬಹುದಾದ್ರೆ ಇಡೀ ಗುಂಪು ಮುಂದಿನ ಸಿಲಬಲ್ಲಿಗೆ. ಆಗದಿದ್ರೆ ಮೊದಲನೇ ವ್ಯಂಜನ ಹಿಂದೆ, ಉಳಿದಿದ್ದು ಮುಂದೆ. ಒಂದೇ ವ್ಯಂಜನ ಎರಡು ಸಲ ಬಂದ್ರೆ ಮಧ್ಯಕ್ಕೆ ಕಡಿಯಿರಿ.

'ಮ್ಪ'ದಿಂದ, 'ನ್ದ'ದಿಂದ ಪದ ಶುರುವಾಗಲ್ಲ. ಹಾಗಾಗಿ ಕೊಮ್-ಪೊರ್-ರೆ, ಕೊನ್-ದುರ್-ರೆ. ಇಲ್ಲಿ ಧಾತುವಿನ ಗೆರೆಯೂ ನಾಲಿಗೆಯ ಗೆರೆಯೂ ಒಂದೇ ಕಡೆ ಬಿತ್ತು. ಪ್ರೊ-ಪೊರ್-ರೆ, ತ್ರ-ದುರ್-ರೆ, ಅಲ್ಲೂ ತಕರಾರಿಲ್ಲ. ಒಪ್-ಪೊರ್-ರೆ, ಅತ್-ತ್ರರ್-ರೆ, ಅಲ್ಲೂ ಇಲ್ಲ. ಮೇಷ್ಟ್ರಿಗೆ ಇಲ್ಲಿಯವರೆಗೂ ಪೂರ್ತಿ ಅಂಕ.

ಈಗ 'ಸ' ಬರಲಿ. ಸ್ಪಾದ (ಕತ್ತಿ), ಸ್ತ್ರಾದ (ರಸ್ತೆ). 'ಸ್ಪ', 'ಸ್ತ್ರ'ಗಳಿಂದ ಪದ ಧಾರಾಳವಾಗಿ ಶುರುವಾಗುತ್ತೆ. ಹಾಗಾಗಿ:

ದಿ-ಸ್ಪೊರ್-ರೆ
ಎ-ಸ್ಪೊರ್-ರೆ
ದಿ-ಸ್ತ್ರರ್-ರೆ
ಎ-ಸ್ತ್ರರ್-ರೆ

ನೋಡಿದ್ರಾ? ಉಪಸರ್ಗ 'ದಿಸ್'. ಅದರ ಸಕಾರ ತನ್ನ ಮನೆ ಬಿಟ್ಟು ಪಕ್ಕದ ಧಾತುವಿನ ಮನೆಗೆ ಹೋಗಿ ಕೂತಿದೆ. ಇಟಲಿಯ ಶಾಲೆಯಲ್ಲಿ ಮಕ್ಕಳಿಗೆ ಕಲಿಸೋದೂ ಇದನ್ನೇ.

ಈಗ 'ಸ' ಧಾತುವಿನದ್ದೇ ಆಗಿರೋ ಮನೆತನ ನೋಡಿ. ಸ್ಕ್ರೀವೆರೆ ಅಂದ್ರೆ ಬರೆ, ಸ್ಪಿರಾರೆ ಅಂದ್ರೆ ಬೀಸು, ಉಸಿರು ಬಿಡು. ಅವುಗಳಿಂದ:

ದೆ-ಸ್ಕ್ರೀ-ವೆ-ರೆ (ವರ್ಣಿಸು)
ಪ್ರೆ-ಸ್ಕ್ರೀ-ವೆ-ರೆ (ವಿಧಿಸು, ವೈದ್ಯರು ಔಷಧಿ ಬರೆಯೋದಕ್ಕೂ ಇದೇ)
ರೆ-ಸ್ಪಿ-ರಾ-ರೆ (ಉಸಿರಾಡು)
ಸೊ-ಸ್ಪಿ-ರಾ-ರೆ (ನಿಟ್ಟುಸಿರು ಬಿಡು)

ಇಲ್ಲಿ ಸಕಾರ ತನ್ನ ಮನೆಯಲ್ಲೇ ಇದೆ. ಈಗ ಎರಡನ್ನೂ ಅಕ್ಕಪಕ್ಕ ಇಡಿ: ದಿ-ಸ್ಪೊರ್-ರೆ, ರೆ-ಸ್ಪಿ-ರಾ-ರೆ. ಒಂದರಲ್ಲಿ 'ಸ' ಉಪಸರ್ಗದ್ದು, ಇನ್ನೊಂದರಲ್ಲಿ ಧಾತುವಿನದ್ದು. ಸಿಲಬಲ್ಲಿನ ಗೆರೆ ಮಾತ್ರ ಎರಡರಲ್ಲೂ ಒಂದೇ ಕಡೆ, 'ಸ್ಪ'ದ ಹಿಂದೆ. ಅಂದ ಮೇಲೆ ಗೆರೆ ನೋಡಿ ಧಾತು ಹೇಳೋಕಾಗಲ್ಲ, ಧಾತು ನೋಡಿ ಗೆರೆ ಹೇಳೋಕೂ ಆಗಲ್ಲ. ಇವು ಎರಡು ಬೇರೆ ಬೇರೆ ಕೆಲಸಗಳು. ನನ್ನ ಇಡೀ ವಾದ ಇಷ್ಟೇ.

ಇನ್ನೂ ಮಜಾ ಬೇಕಾದ್ರೆ 'ಮೆತ್ತೆರೆ' (ಇಡು, ಹಾಕು) ಮನೆತನಕ್ಕೆ ಬನ್ನಿ. ಪೆರ್-ಮೆತ್-ತೆ-ರೆ ಅಂದ್ರೆ ಅನುಮತಿಸು, ಪ್ರೊ-ಮೆತ್-ತೆ-ರೆ ಅಂದ್ರೆ ಮಾತು ಕೊಡು. ತ್ರ-ಸ್ಮೆತ್-ತೆ-ರೆ ಅಂದ್ರೆ ರವಾನಿಸು, ಪ್ರಸಾರ ಮಾಡು. ಇಲ್ಲಿ ಧಾತು ಮೆತ್ತೆರೆ, ಉಪಸರ್ಗ 'ತ್ರಸ್'. ಆದರೆ 'ಸ್ಮೆತ್ತೆರೆ' ಅನ್ನೋ ಬೇರೆಯೇ ಕ್ರಿಯಾಪದ ಇದೆ, ನಿಲ್ಲಿಸು ಅಂತ ಅರ್ಥ! ಸಿಲಬಲ್ ನೋಡಿ ಧಾತು ಹುಡುಕೋಕೆ ಹೊರಟವನು ಪ್ರಸಾರ ಮಾಡು ಅನ್ನೋ ಪದದೊಳಗೆ ನಿಲ್ಲಿಸು ಅನ್ನೋದನ್ನ ಕಂಡು ತಲೆ ಕೆರ್ಕೋಬೇಕು.

ಮೇಷ್ಟ್ರ ಪರವಾಗಿ ಇನ್ನೊಂದು ಮಾತು ಬಾಕಿ ಇದೆ, ಅದನ್ನೂ ಮುಚ್ಚಿಡಲ್ಲ. ದಿಸ್, ತ್ರಸ್, ಇನ್ ಇಂಥ ಕೆಲವು ಉಪಸರ್ಗಗಳಿರೋ ಪದಗಳನ್ನ ಉಪಸರ್ಗದ ಅಂಚಿನಲ್ಲಿ ಮುರಿಯೋದಕ್ಕೂ ಇಟಾಲಿಯನ್ ವ್ಯಾಕರಣದಲ್ಲಿ ವಿನಾಯಿತಿ ಇದೆ. 'ತ್ರಸ್-ಮೆತ್-ತೆ-ರೆ' ಅಂತ ಬರೆದವರನ್ನ ಯಾರೂ ಜೈಲಿಗೆ ಹಾಕಲ್ಲ. ಆದರೆ ಅದು ವಿನಾಯಿತಿ, ನಿಯಮ ಅಲ್ಲ, ಇವತ್ತಿನ ಬಳಕೆ ಒಲಿದಿರೋದು ಸಿಲಬಲ್ಲಿನ ಕಡೆಗೇ. ವಿನಾಯಿತಿಯನ್ನ ನಿಯಮ ಅಂತ ಕಲಿಸಿ, ನಿಯಮವನ್ನ ಬರೆದವನ ಅಂಕ ಕಳೆಯೋದು ಯಾವ ನ್ಯಾಯ ಸ್ವಾಮೀ?

* * *

ಈ ತಪ್ಪು ಹುಟ್ಟಿದ್ದೆಲ್ಲಿ ಅಂತ ಯೋಚಿಸಿದೆ. ಉತ್ತರ ನನ್ನ ಮೇಜಿನ ಮೇಲಿದ್ದ ಇಂಗ್ಲಿಷ್ ಡಿಕ್ಷನರಿಯಲ್ಲೇ ಸಿಕ್ತು. ಡಿಸ್-ಪೋಸ್, ಎಕ್ಸ್-ಪೋಸ್, ಡಿಸ್-ಟ್ರ್ಯಾಕ್ಟ್, ಟ್ರಾನ್ಸ್-ಮಿಟ್. ಇಂಗ್ಲಿಷಿನಲ್ಲಿ ಈ ಪದಗಳೆಲ್ಲಾ ಉಪಸರ್ಗದ ಅಂಚಿನಲ್ಲೇ ಮುರಿಯುತ್ತವೆ. ಎರಡು ಭಾಷೆಯ ಪದಗಳಿಗೂ ಲ್ಯಾಟಿನ್ ಅಜ್ಜಿ ಒಬ್ಬಳೇ, ಹಾಗಾಗಿ ಮೊಮ್ಮಕ್ಕಳ ಮುಖ ಒಂದೇ ಥರ ಕಾಣುತ್ತೆ. ಮುಖ ಒಂದೇ ಥರ ಇದೆ ಅಂತ ನಡಿಗೆಯೂ ಒಂದೇ ಅಂದ್ಕೊಂಡುಬಿಟ್ಟಿದ್ದಾರೆ.

ನಡಿಗೆ ಎಷ್ಟು ಬೇರೆ ಅನ್ನೋದಕ್ಕೆ ನಮ್ಮ ಕಸುಬಿನಿಂದಲೇ ಒಂದು ಸಾಕ್ಷಿ ಕೊಡ್ತೀನಿ. ಪದಗಳನ್ನ ಕಂಪ್ಯೂಟರಿನಿಂದ ಮುರಿಸೋ ಪ್ರಸಿದ್ಧ ವಿಧಾನ ಫ್ರಾಂಕ್ ಲಿಯಾಂಗ್ ಅವರದ್ದು. ಸ್ಟ್ಯಾನ್‌ಫರ್ಡಿನಲ್ಲಿ ಡೊನಾಲ್ಡ್ ನೂತ್ ಕೈಕೆಳಗೆ 1983ರಲ್ಲಿ ಮುಗಿಸಿದ ಪಿಎಚ್‌ಡಿ. ನೂತ್ ಅವರ 'ಟೆಕ್' ಅಚ್ಚುಜೋಡಣೆ ತಂತ್ರಾಂಶದೊಳಗೆ ಕೂತಿರೋದು ಅದೇ. ಎಲ್ಲಿ ಮುರಿಯಬಹುದು, ಎಲ್ಲಿ ಬಾರದು ಅನ್ನೋ ಚಿಕ್ಕ ಚಿಕ್ಕ ಅಕ್ಷರ ಮಾದರಿಗಳ ಪಟ್ಟಿ ಅದು. ಇಂಗ್ಲಿಷಿಗೆ 4447 ಮಾದರಿ ಬೇಕಾಯ್ತು, ಅದರ ಮೇಲೆ ಅಪವಾದಗಳ ಪಟ್ಟಿ ಬೇರೆ. ಇಟಾಲಿಯನ್ನಿಗೆ ತೊರೀನೊ ಪಾಲಿಟೆಕ್ನಿಕ್ಕಿನ ಪ್ರೊಫೆಸರ್ ಆಗಿದ್ದ ಕ್ಲಾವುದಿಯೊ ಬೆಕ್ಕಾರಿ ಮಾಡಿದ ಪಟ್ಟಿಯಲ್ಲಿ ಇರೋದು ಕೆಲವೇ ನೂರು ಮಾದರಿ. ಸಾಲಿನ ಕೊನೆಯಲ್ಲಿ ಪದ ಮುರಿಯೋದಕ್ಕೆ ಇಟಲಿಯಲ್ಲಿ ಯುಎನ್‌ಐ 6461 ಅನ್ನೋ ಮಾನಕವೇ ಇದೆ. ಇಂಗ್ಲಿಷಿನಲ್ಲಿ ಪದದ ಹುಟ್ಟು, ಒತ್ತು, ಅಭ್ಯಾಸ ಎಲ್ಲಾ ಕಲಸಿ ಪದಪದಕ್ಕೂ ನೆನಪಿಡಬೇಕು. ಇಟಾಲಿಯನ್ನಿನಲ್ಲಿ ಬಾಯಿ ಹೇಳಿದ ಹಾಗೆ ಕೇಳಿದ್ರೆ ಬಹುಪಾಲು ಕೆಲಸ ಮುಗೀತು. ಇಷ್ಟು ಸಲೀಸಾದ ಭಾಷೆಯನ್ನ ಅಷ್ಟು ತೊಡಕಾದ ಭಾಷೆಯ ಮೂಲಕ ಕಲಿತೀವಿ ಅಂತ ಹಟ ಹಿಡಿದವರು ನಾವು!

* * *

ಈಗ ಒತ್ತಕ್ಷರಕ್ಕೆ ಬರ್ತೀನಿ.

ಆ ಟೆಸ್ಟ್ ಆದ ಮೇಲೆ ನಾನು ಇಟಾಲಿಯನ್ ಪದಗಳನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳೋಕೆ ಶುರು ಮಾಡಿದೆ. ಪಕ್ಕದಲ್ಲಿ ಕೂರೋ ಗೆಳೆಯ ನೋಡಿ, "ಏನ್ ಗುರೂ, ಇಟಾಲಿಯನ್‌ನ ಕನ್ನಡದಲ್ಲಿ ಬರ್ಕೊಳ್ತಾ ಇದೀಯಾ? ಪ್ರೈಮರಿ ಸ್ಕೂಲಾ?" ಅಂತ ನಕ್ಕ. ಅವನೂ ಕನ್ನಡದವನೇ, ಹಾಸನದ ಕಡೆಯವನು. ಅವನ ಪುಸ್ತಕದಲ್ಲಿ ಇಂಗ್ಲಿಷ್ ಉಚ್ಚಾರಣೆಯ ಗುರುತುಗಳು. ನಾನು ಸುಮ್ಮನೆ 'ದಿಸ್ಪೊರ್ರೆ' ಅಂತ ಬರೆದು, ಅಕ್ಷರ ಅಕ್ಷರ ಬಿಡಿಸಪ್ಪಾ ಅಂದೆ.

ದಿ | ಸ್ಪೊ | ರ್ರೆ

"ಮೊದಲನೇ ಗೆರೆ ಎಲ್ಲಿ ಬಿತ್ತು?" ಅಂದೆ. ಅವನು ಒಂದು ನಿಮಿಷ ಮಾತಾಡಲಿಲ್ಲ.

ನಮ್ಮ ಅಕ್ಷರಮಾಲೆ ಮಾಡೋ ಕೆಲಸವೇ ಅದು. ಸ್ವರ ಇಲ್ಲದ ವ್ಯಂಜನ ಮುಂದಿನ ಸ್ವರದ ಹೆಗಲೇರುತ್ತೆ. ನಿಸ್ + ತೇಜ, ಬರೆಯೋವಾಗ ನಿ | ಸ್ತೇ | ಜ. ದುಸ್ + ತರ, ಬರೆಯೋವಾಗ ದು | ಸ್ತ | ರ. ಉಪಸರ್ಗದ ಸಕಾರ ಧಾತುವಿನ ತಕಾರದ ಜೊತೆ ಒಂದೇ ಅಕ್ಷರದಲ್ಲಿ ಕೂತಿದೆ. ದಿ-ಸ್ಪೊರ್-ರೆ ಪದದಲ್ಲಿ ಆಗಿದ್ದೂ ಇದೇ ತಾನೆ? "ಕನ್ನಡದ ಒತ್ತಕ್ಷರ ಅವೈಜ್ಞಾನಿಕ, ಪದದ ಭಾಗಗಳನ್ನ ಕಲಸಿಹಾಕುತ್ತೆ, ರೋಮನ್ ಲಿಪಿ ಸಾಲಾಗಿದೆ, ತರ್ಕಬದ್ಧವಾಗಿದೆ" ಅಂತ ಉಪದೇಶ ಮಾಡೋ ಇಂಜಿನಿಯರ್ ಮಿತ್ರರು ನಿಮಗೂ ಇರಬಹುದು. ಅವರಿಗೆ ಹೇಳಿ, ರೋಮನ್ ಲಿಪಿಯ ತವರುಮನೆ ಇಟಲಿಯಲ್ಲಿ ಸಾಲು ಮುರಿಯೋವಾಗ ಮಾಡೋದೂ ಇದನ್ನೇ.

ಇಷ್ಟೇ ಅಲ್ಲ. ಇಟಾಲಿಯನ್ನಿನ ತಕಾರ ದಕಾರಗಳು ಹಲ್ಲಿಗೆ ತಾಗೋ ನಮ್ಮ ತ, ದಗಳೇ, ಇಂಗ್ಲಿಷ್ ಮೂಲಕ ಬಂದ್ರೆ ನಮ್ಮ ಬಾಯಲ್ಲಿ ಅವು ಟ, ಡ ಆಗಿ ಕೆಡುತ್ತವೆ. ಇನ್ನು ದ್ವಿತ್ವ. ಪಾಲ ಅಂದ್ರೆ ಸಲಿಕೆ, ಪಲ್ಲ ಅಂದ್ರೆ ಚೆಂಡು. ನೋನೊ ಅಂದ್ರೆ ಒಂಬತ್ತನೆಯ, ನೊನ್ನೊ ಅಂದ್ರೆ ಅಜ್ಜ. ಇಂಗ್ಲಿಷ್ ಕಿವಿಗೆ ಈ ವ್ಯತ್ಯಾಸ ಹಿಡಿಯೋದು ಕಷ್ಟ. 'ಕತೆ' ಕೇಳ್ತೀಯಾ 'ಕತ್ತೆ' ಕೇಳ್ತೀಯಾ ಅಂದ್ರೆ ನಮ್ಮಲ್ಲಿ ಮೂರು ವರ್ಷದ ಮಗುವೂ ತಪ್ಪು ಮಾಡಲ್ಲ.

ಧಾತುಗಳ ಮನೆತನದಲ್ಲೂ ಈ ದ್ವಿತ್ವದ್ದೇ ಕಾರುಬಾರು. 'ಓಬ್' + ಪೊರ್ರೆ ಒಪ್ಪೊರ್ರೆ ಆಯ್ತು, 'ಸುಬ್' + ಪೊರ್ರೆ ಸುಪ್ಪೊರ್ರೆ, 'ಅದ್' + ತ್ರರ್ರೆ ಅತ್ತ್ರರ್ರೆ. ಉಪಸರ್ಗದ ಕೊನೆಯ ವ್ಯಂಜನ ಮುಂದಿನದರ ರೂಪಕ್ಕೆ ತಿರುಗಿತು. ಸತ್ + ಜನ ಸಜ್ಜನ, ಉತ್ + ಲಾಸ ಉಲ್ಲಾಸ ಆದ ಹಾಗೆ. ಇಂಗ್ಲಿಷಿನ ಅಪೋಸ್, ಸಪೋಸ್, ಅಟ್ರ್ಯಾಕ್ಟ್ ಪದಗಳಲ್ಲಿ ಎರಡೆರಡು ಅಕ್ಷರ ಬರೆದ್ರೂ ಬಾಯಲ್ಲಿ ಒಂದೇ. ಇಟಲಿಯವರು ಎರಡನ್ನೂ ಹೇಳ್ತಾರೆ, ನಾವು ಸಜ್ಜನ ಅನ್ನೋವಾಗ ಹೇಳೋ ಹಾಗೆ. ಸಂಧಿ ಓದಿದವನಿಗೆ ಇದನ್ನ ಅಟ್ರ್ಯಾಕ್ಟ್ ಮೂಲಕ ಯಾಕೆ ಕಲಿಸಬೇಕು ಅಂತ ನನಗೆ ಅರ್ಥ ಆಗಿಲ್ಲ.

* * *

"ಆಹಾ, ಕನ್ನಡವೇ ಶ್ರೇಷ್ಠ, ಬರೆದಂತೆ ಓದೋ ಭಾಷೆ" ಅಂತ ಬೆನ್ನು ತಟ್ಟಿಕೊಳ್ಳೋಕೆ ಹೊರಟಿದ್ರೆ ಸ್ವಲ್ಪ ನಿಲ್ಲಿ. ಈಗ ನಮ್ಮವರ ಸರದಿ.

ದಿ | ಸ್ಪೊ | ರ್ರೆ ಬಿಡಿಸಿದ್ದರಲ್ಲಿ ಎರಡನೇ ಗೆರೆ ಗಮನಿಸಿದ್ರಾ? ಇಟಾಲಿಯನ್ನಿನಲ್ಲಿ ಅದು ಸ್ಪೊರ್-ರೆ, ಎರಡು 'ರ'ಗಳ ನಡುವೆ. ನಮ್ಮ ಲಿಪಿ ಎರಡನ್ನೂ ಒಟ್ಟಿಗೆ ಕಟ್ಟಿ ಮುಂದೆ ತಳ್ಳಿದೆ. ಕೊಂಪೊರ್ರೆಯಲ್ಲಿ ಸೊನ್ನೆಯ ಪುಣ್ಯದಿಂದ ಮೊದಲ ಗೆರೆ ಸರಿ ಬಿತ್ತು, ಕೊನೆಯದು ಮತ್ತೆ ತಪ್ಪು. ಅಂದ್ರೆ ಅಕ್ಷರ ಬೇರೆ, ಸಿಲಬಲ್ ಬೇರೆ. ಇದು ಕನ್ನಡಕ್ಕೂ ಸತ್ಯ. 'ಕತ್ತೆ' ಅನ್ನೋದನ್ನ ಕ-ತ್ತೆ ಅಂತ ಬರೀತೀವಿ, ಬಾಯಲ್ಲಿ ಅದು ಕತ್-ತೆ. ನಂಬಿಕೆ ಇಲ್ಲದಿದ್ರೆ ಪ್ರಸ್ತಾರ ಹಾಕಿ ನೋಡಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ವಲ್ಲ, ಯಾಕೆ ಗುರು ಅಂತ ಯಾರಾದ್ರೂ ಕೇಳಿದ್ವಾ? ಒತ್ತಿನ ಮೊದಲ ವ್ಯಂಜನ ನಿಜಕ್ಕೂ ಹಿಂದಿನ ಅಕ್ಷರಕ್ಕೆ ಒರಗೋದರಿಂದ. ಲಿಪಿ ಮುಂದೆ ತಳ್ಳಿದ್ದನ್ನ ಛಂದಸ್ಸು ಹಿಂದಕ್ಕೆ ಎಳೆದು ಲೆಕ್ಕ ಹಾಕುತ್ತೆ.

ತಮಾಷೆ ಅಂದ್ರೆ ಇಟಾಲಿಯನ್ನಿನಲ್ಲೂ ಇದೇ ಗುಟ್ಟಿದೆ. ಪೊರ್ರೆಯ ಮನೆಗೇ ವಾಪಸ್ ಹೋಗೋಣ. ಪೋ-ನೆ (ಇಡ್ತಾನೆ), ಇಲ್ಲಿ 'ಪೋ' ಸ್ವರದಲ್ಲಿ ಮುಗಿಯೋ ಸಿಲಬಲ್, ಒತ್ತೂ ಅದರ ಮೇಲೇ ಇದೆ, ಹಾಗಾಗಿ ಸ್ವರ ದೀರ್ಘವಾಗುತ್ತೆ. ಅದೇ ಧಾತುವಿನ ಇನ್ನೊಂದು ರೂಪ 'ಪೊಸ್ತೊ', ಇಟ್ಟ ಅಂತ ಅರ್ಥ. ನಿಯಮದ ಪ್ರಕಾರ ಬಿಡಿಸೋದು ಪೊ-ಸ್ತೊ. ಹಾಗಾದ್ರೆ ಇಲ್ಲೂ ಮೊದಲ ಸಿಲಬಲ್ ಸ್ವರದಲ್ಲೇ ಮುಗೀತು, ಒತ್ತೂ ಇದೆ, ದೀರ್ಘ ಆಗಬೇಕಿತ್ತು. ಆಗಲ್ಲ! 'ಪೋಸ್ತೊ' ಅಲ್ಲ, 'ಪೊಸ್ತೊ'. ಅಂದ್ರೆ ಕಾಗದದ ಮೇಲೆ ಪೊ-ಸ್ತೊ ಆದ್ರೂ ನಾಲಿಗೆ ಒಳಗೊಳಗೇ ಪೊಸ್-ತೊ ಅಂತಿದೆ. ಭಾಷಾವಿಜ್ಞಾನಿಗಳು ಹೇಳೋದೂ ಅದನ್ನೇ. 'ಪಾದ್ರೆ' (ಅಪ್ಪ) ಪದದಲ್ಲಿ ಎರಡು ವ್ಯಂಜನ ಇದ್ರೂ ಸ್ವರ ದೀರ್ಘ. ಹಾಗಾಗಿ ದೋಷ ಎಲ್ಲಾ ಜೋಡಿ ವ್ಯಂಜನದ್ದಲ್ಲ, ಆ ಸಕಾರದ್ದು.

ಇನ್ನೂ ಎರಡು ಸಾಕ್ಷಿ ಇದೆ. ಇಟಾಲಿಯನ್ನಿನಲ್ಲಿ ಪುಲ್ಲಿಂಗ ಪದದ ಹಿಂದೆ ಸಾಮಾನ್ಯವಾಗಿ 'ಇಲ್' ಬರುತ್ತೆ: ಇಲ್ ಸೋಲೆ (ಸೂರ್ಯ), ಇಲ್ ತ್ರೇನೊ (ರೈಲು). ಆದರೆ ಸಕಾರದ ಜೊತೆ ಇನ್ನೊಂದು ವ್ಯಂಜನ ಸೇರಿದ್ರೆ 'ಲೊ' ಬರುತ್ತೆ: ಲೊ ಸ್ತುದೆಂತೆ (ವಿದ್ಯಾರ್ಥಿ), ಲೊ ಸ್ಪೆಕ್ಕ್ಯೊ (ಕನ್ನಡಿ). ಸಕಾರಕ್ಕೆ ಒರಗೋಕೆ ಹಿಂದೊಂದು ಸ್ವರ ಬೇಕು ನೋಡಿ. ಎರಡನೇದು ಹಳೇ ಇಟಾಲಿಯನ್ನಿನದ್ದು. ಹಿಂದಿನ ಪದ ವ್ಯಂಜನದಲ್ಲಿ ಮುಗಿದ್ರೆ ಇಂಥ ಸಕಾರದ ಮುಂದೆ ಒಂದು 'ಇ' ಸೇರಿಸ್ತಾ ಇದ್ರು. ಸ್ಕ್ವೋಲ ಅಂದ್ರೆ ಶಾಲೆ, ಶಾಲೆಯಲ್ಲಿ ಅನ್ನೋದಕ್ಕೆ 'ಇನ್ ಇಸ್ಕ್ವೋಲ'. ಇವತ್ತಿಗೂ ಲಿಖಿತವಾಗಿ ಅನ್ನೋದಕ್ಕೆ 'ಪೆರ್ ಇಸ್ಕ್ರಿತ್ತೊ' ಅಂತಾರೆ. ಇದನ್ನ ಓದಿದಾಗ ನನಗೆ ನಮ್ಮಜ್ಜಿ ನೆನಪಾದ್ರು. ಅವರ ಬಾಯಲ್ಲಿ ಸ್ಕೂಲು ಯಾವತ್ತೂ 'ಇಸ್ಕೂಲು', ಸ್ಟೇಷನ್ನು 'ಇಸ್ಟೇಸನ್ನು'. ನಾವು ಮೊಮ್ಮಕ್ಕಳು ನಗ್ತಾ ಇದ್ವಿ. ಇಟಲಿಯ ದೊಡ್ಡ ಲೇಖಕರೂ ಇನ್ ಇಸ್ಕ್ವೋಲ ಬರೀತಿದ್ರು ಅಂತ ಗೊತ್ತಿದ್ದಿದ್ರೆ ನಗ್ತಾ ಇರಲಿಲ್ಲ.

ನಮ್ಮ ಹಳಬರಿಗೆ ಈ ಸೂಕ್ಷ್ಮ ಗೊತ್ತಿತ್ತು. ಎಲ್ಲಾ ಒತ್ತೂ ಒಂದೇ ತೂಕದ್ದಲ್ಲ, ಕೆಲವು ಸಡಿಲ, ಅವುಗಳ ಹಿಂದಿನ ಅಕ್ಷರ ಲಘುವಾಗೇ ಉಳಿಯಬಹುದು ಅಂತ ಹದಿಮೂರನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಶಿಥಿಲದ್ವಿತ್ವದ ಬಗ್ಗೆ ಹೇಳಿದ್ದಾನೆ. ಪಾದ್ರೆಯ 'ದ್ರ' ಹಗುರ, ಪೊಸ್ತೊದ 'ಸ್ತ' ಭಾರ ಅಂತ ಇಟಾಲಿಯನ್ ಬಗ್ಗೆ ಇವತ್ತು ಓದುವಾಗ ನನಗೆ ನೆನಪಾಗಿದ್ದು ಅದು. ಎರಡೂ ಒಂದೇ ಅಂತ ಖಂಡಿತ ಹೇಳ್ತಿಲ್ಲ. ಬರೆಯೋ ಗೆರೆ ಒಂದು, ಕಿವಿ ಅಳೆಯೋ ತೂಕ ಇನ್ನೊಂದು ಅನ್ನೋ ಎಚ್ಚರ ಎರಡೂ ಕಡೆ ಇದೆ ಅಂತಿದ್ದೀನಿ ಅಷ್ಟೇ.

* * *

ಕನ್ನಡ ಲಿಪಿಯಲ್ಲಿ ಇಟಾಲಿಯನ್ ಪೂರ್ತಿ ಹಿಡಿಯುತ್ತಾ ಅಂತ ಕೇಳಿದ್ರೆ, ಇಲ್ಲ. ತೆರೆದ ಎ, ಮುಚ್ಚಿದ ಎ ಅಂತ ಎರಡಿವೆ, 'ಒ' ಕೂಡ ಎರಡು, ನಮ್ಮಲ್ಲಿ ಅದಕ್ಕೆ ಗುರುತಿಲ್ಲ. ತ್ರಸ್ಮೆತ್ತೆರೆಯ 'ಸ' ಮಕಾರದ ಪಕ್ಕ ಕೂತು ಗುಂಯ್ಗುಡುತ್ತೆ, ಅದನ್ನೂ ಬರೆಯೋಕಾಗಲ್ಲ. ನೋಟ್‌ಬುಕ್ಕಿನ ಅಂಚಿಗೆ ಇದು ಸಾಕು, ಪುಸ್ತಕಕ್ಕೆ ಸಾಲದು. ಒಪ್ತೀನಿ. ಆದರೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಮಾತ್ರ ಹಿಡಿಯುತ್ತಾ? ಅದರ ಕೊರತೆಗೆ ಯಾರೂ ನಗಲ್ಲ, ನಮ್ಮದಕ್ಕೆ ಮಾತ್ರ 'ಪ್ರೈಮರಿ ಸ್ಕೂಲಾ' ಅಂತ ನಗ್ತಾರೆ.

ನನ್ನ ಬೇಡಿಕೆ ಬಹಳ ಚಿಕ್ಕದು. ಭಾಷೆ ಕಲಿಸೋ ಹಾಳೆ ತಯಾರಿಸೋರಿಗೆ: ಧಾತು ತೋರಿಸೋವಾಗ ಕೂಡೋ ಚಿಹ್ನೆ ಹಾಕಿ, ದಿಸ್ + ಪೊರ್ರೆ. ಸಿಲಬಲ್ ತೋರಿಸೋವಾಗ ಅಡ್ಡಗೆರೆ ಹಾಕಿ, ದಿ-ಸ್ಪೊರ್-ರೆ. ಎರಡಕ್ಕೂ ಒಂದೇ ಗುರುತು ಹಾಕಬೇಡಿ, ಅಷ್ಟೇ. ಕಲಿಯೋ ಕನ್ನಡಿಗರಿಗೆ: ಹೈಸ್ಕೂಲಿನ ಸಂಧಿ, ಉಪಸರ್ಗ, ಪ್ರಸ್ತಾರ ಇವೆಲ್ಲಾ ಹತ್ತನೇ ಕ್ಲಾಸಿನ ಎಂಟು ಅಂಕಕ್ಕೆ ಓದಿ ಮರೆಯೋ ಸಾಮಾನಲ್ಲ. ಇನ್ನೊಂದು ಭಾಷೆಯ ಬಾಗಿಲಲ್ಲಿ ನಿಂತಾಗ ಜೇಬು ತಡವಿ ನೋಡಿ, ಬೀಗದ ಕೈ ಅಲ್ಲೇ ಇರಬಹುದು.

ಆಫೀಸಿನ ಫೈಲನ್ನ ದಿ-ಸ್ಪೊರ್-ರೆ, ಎ-ಸ್ತ್ರರ್-ರೆ ಅಂತ ತಿದ್ದಿ ಕಳಿಸಿದೆ, ಈ ಸಲ ಕೆಂಪಿಲ್ಲದೆ ವಾಪಸ್ ಬಂತು. ಟೆಸ್ಟಿನ ಅಂಕ ಮಾತ್ರ ವಾಪಸ್ ಬರಲಿಲ್ಲ. ಇರ್ಲಿ ಬಿಡಿ. ಹಾಸನದ ಗೆಳೆಯ ಮೊನ್ನೆ ತನ್ನ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ಯಾರೂ ನೋಡಬಾರದು ಅನ್ನೋ ಹಾಗೆ ಸಣ್ಣಕ್ಕೆ 'ಕೊಂದೊತ್ತೊ' ಅಂತ ಬರೀತಾ ಇದ್ದ. ಕೊಂದುರ್ರೆಯ ಭೂತಕೃದಂತ. ಒತ್ತು ಸರಿಯಾಗೇ ಹಾಕಿದ್ದ.

ನೀವೇನಂತೀರಾ?